ಮಲ್ಲಿಗೆಯ ಅಳತೆ

ಕಳೆದ ಏಪ್ರಿಲ್‌ನಲ್ಲಿ ನಾನು ಹತ್ತಬೇಕಿದ್ದ ರೈಲು ಎರಡೂವರೆ ಗಂಟೆ ತಡ ಎಂದು ಅರಸೀಕೆರೆ ಜಂಕ್ಷನ್ನಿನಲ್ಲಿ ಕೂಗಿ ಹೇಳಿದರು. ಬೇರೆ ಊರಾಗಿದ್ದರೆ ಬಾಯಿಗೆ ಬಂದಂತೆ ಬೈದುಕೊಂಡು ಬೆಂಚಿನ ಮೇಲೆ ಕೂತಿರುತ್ತಿದ್ದೆ. ಆದರೆ ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಯಾರೋ ಕೊಬ್ಬರಿ ಚೀಲಗಳನ್ನು ಪೇರಿಸಿದ್ದರು. ಬಿಸಿಲಿಗೆ ಕಾದ ಗೋಣಿ, ಅದರೊಳಗಿನಿಂದ ಬರುವ ಎಣ್ಣೆ ಬೆರೆತ ಸಿಹಿ ವಾಸನೆ. ಅದು ಮೂಗಿಗೆ ಬಡಿದದ್ದೇ ತಡ, ನಾನು ಎದ್ದು ಹೊರಗೆ ಬಂದು ಆಟೋ ಹತ್ತಿದ್ದೆ. ಎಲ್ಲಿಗೆ ಎಂದು ಡ್ರೈವರ್ ಕೇಳಿದಾಗ ಬೀದಿಯ ಹೆಸರು ನೆನಪಾಗಲಿಲ್ಲ. "ಹಾಲಮ್ಮನವರ ಮನೆಗೆ" ಎಂದುಬಿಟ್ಟೆ. ಅವನು ನಕ್ಕ. ನಾನೂ ನಕ್ಕು, ದಾರಿ ತೋರಿಸುತ್ತೇನೆ ನಡಿ ಎಂದೆ.

ಎಂಟು ವರ್ಷದ ಹಿಂದೆ ಆ ಊರಿನಲ್ಲಿ ನಾನು ಹತ್ತಿರಹತ್ತಿರ ಒಂದು ವರ್ಷ ಇದ್ದೆ. ಸರ್ವೆ ಇಲಾಖೆಯಲ್ಲಿ ಭೂಮಾಪಕಿ. ಜನರ ಬಾಯಲ್ಲಿ ಸರ್ವೆ ಮೇಡಮ್. ಇಪ್ಪತ್ತಾರು ವಯಸ್ಸು, ಮೂಗಿನ ತುದಿಯಲ್ಲಿ ಸಿಟ್ಟು, ಕೈಯಲ್ಲಿ ಟೇಪು. ಜೂನ್‌ನಲ್ಲಿ ಹೋಗಿ ಬಾಡಿಗೆ ಮನೆ ಹುಡುಕಿದೆ. ಮೂರು ಕಡೆ ನನ್ನ ಊರು ಕೇಳಿದರು, ಅಪ್ಪನ ಹೆಸರು ಕೇಳಿದರು, ಕೊನೆಗೆ ಗೋಡೆಗೆ ಯಾವ ದೇವರ ಫೋಟೋ ಹಾಕುತ್ತೀಯ ಎಂದೂ ಕೇಳಿದರು. ಬುದ್ಧ ಎಂದೆ. ಮನೆ ಆಗಲೇ ಇನ್ನೊಬ್ಬರಿಗೆ ಮಾತಾಗಿದೆ ಎಂದರು. ನಾಲ್ಕನೆಯ ಮನೆ ಹಾಲಮ್ಮನವರದು. ಮುಂದೆ ಅವರ ಸಂಸಾರ, ಹಿತ್ತಲ ಕಡೆಗೆ ಒಂದು ರೂಮು, ಅಡುಗೆಮನೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಒಂದೇ ಪ್ರಶ್ನೆ ಕೇಳಿದರು:

"ನಾವು ಊರಿಗೆ ಗೀರಿಗೆ ಹೋದಾಗ ಗಿಡಕ್ಕೆ ನೀರು ಹಾಕ್ತೀಯೇನಮ್ಮ?"

ಹಾಕುತ್ತೇನೆ ಎಂದೆ. ಅವತ್ತೇ ಬೀಗದ ಕೈ ಕೊಟ್ಟರು.

ಗಿಡ ಎಂದರೆ ಹಿತ್ತಲಲ್ಲಿ ಹತ್ತಾರಿದ್ದವು. ಆದರೆ ಹಾಲಮ್ಮನವರ ಬಾಯಲ್ಲಿ ಬರಿಯ ಗಿಡ ಎಂದರೆ ಒಂದೇ, ಬಾವಿಕಟ್ಟೆಯ ಪಕ್ಕದ ಮಲ್ಲಿಗೆ. ಎದೆಯೆತ್ತರ, ಎರಡು ಕೈ ಚಾಚಿದರೂ ತಬ್ಬಲಾಗದಷ್ಟು ಅಗಲ, ಕಡು ಹಸಿರು. ನಾನು ಹೋಗುವುದಕ್ಕೆ ಆರು ವರ್ಷ ಮೊದಲು ಮಾದಿಹಳ್ಳಿಯ ತವರಿನಿಂದ ಕಡ್ಡಿ ತಂದು ನೆಟ್ಟದ್ದಂತೆ. ಅವರ ತಾಯಿ ಸಾಯುವುದಕ್ಕೆ ಒಂದು ವರ್ಷ ಮೊದಲು ಕೈಯಾರೆ ಮುರಿದು ಕೊಟ್ಟದ್ದು. ಏಳು ಸುತ್ತಿನ ಮಲ್ಲಿಗೆ ಎಂದು ಹಾಲಮ್ಮ ಹೇಳುತ್ತಿದ್ದರು. ಒಂದು ಹೂವಿನೊಳಗೆ ಏಳು ಸುತ್ತು ಎಸಳು. ಒಂದು ಮುಡಿದರೆ ಸಾಕು, ಮಾರು ಹೂ ಬೇಡ.

ಕಷ್ಟವೆಂದರೆ ಆರು ವರ್ಷದಲ್ಲಿ ಅದು ಒಂದು ಮೊಗ್ಗನ್ನೂ ಬಿಟ್ಟಿರಲಿಲ್ಲ.

ಇದು ಅವರ ಗಂಡ ಗುರುಶಾಂತಪ್ಪನವರಿಗೆ ಹಬ್ಬ. ಪೇಟೆಯಲ್ಲಿ ಅವರದು ಸಣ್ಣ ಕೊಬ್ಬರಿ ಅಂಗಡಿ. ಬೆಳಗ್ಗೆ ಸ್ನಾನ, ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಬಳಿದುಕೊಂಡು, ಅಂಗಡಿಗೆ ಹೊರಡುವ ಮುಂಚೆ ಹಿತ್ತಲಿಗೆ ಬಂದು ಹೆಂಡತಿಯನ್ನು ಒಮ್ಮೆ ಕೆಣಕದಿದ್ದರೆ ಅವರಿಗೆ ತಿಂದದ್ದು ಅರಗುತ್ತಿರಲಿಲ್ಲ.

"ನಿಮ್ಮವ್ವ ಕೊಟ್ಟಿದ್ದು ಮಲ್ಲಿಗೆ ಅಲ್ಲ ಕಣೇ, ಮೇವು. ಎಮ್ಮೆ ಕಟ್ಟು, ಹಾಲಾದ್ರೂ ಬತ್ತದೆ."

"ಏಳು ಸುತ್ತು ಕಣ್ರೀ! ನಾನು ಕಣ್ಣಾರೆ ನೋಡಿಲ್ವಾ?"

"ಏಳಲ್ಲ, ಒಂದು ಸುತ್ತು ತೋರ್ಸು ಸಾಕು."

ಅವರು ಮಾವನ ಮನೆಯಲ್ಲಿ ಆ ಹೂವನ್ನು ನೋಡಿರಲಿಲ್ಲವೇ ಎಂದು ನಾನೊಮ್ಮೆ ಕೇಳಿದ್ದೆ. ನೋಡಿದ್ದರು, ಮೊಗ್ಗನ್ನು. ಅತ್ತೆ ಸಂಜೆಗೆ ಮುಂಚೆಯೇ ಬಿಡಿಸಿ ಕಟ್ಟಿಬಿಡುತ್ತಿದ್ದರಂತೆ. ಅರಳಿದ ಮೇಲೆ ಅದು ಹೆಂಗಸರ ತುರುಬಿನಲ್ಲಿ. ಮಾವನ ಮನೆಯಲ್ಲಿ ಕೂತು ಹೂವಿನ ಎಸಳು ಎಣಿಸುವ ಅಳಿಯ ಎಲ್ಲಿದ್ದಾನೆ?

ಹಾಲಮ್ಮ ಆ ಗಿಡಕ್ಕೆ ಮಾಡುತ್ತಿದ್ದ ಉಪಚಾರ ನೋಡಿದರೆ ನನಗೇ ಹೊಟ್ಟೆಕಿಚ್ಚು. ಅಕ್ಕಿ ತೊಳೆದ ನೀರು ಅದಕ್ಕೆ. ಕಾಯಿ ಒಡೆದರೆ ಕಾಯಿನೀರು ಅದಕ್ಕೆ. ತಿಂಗಳಿಗೊಮ್ಮೆ ಸಗಣಿ ಗೊಬ್ಬರ, ಬುಡಕ್ಕೆ ತೆಂಗಿನ ನಾರಿನ ಹಾಸಿಗೆ. ಬೇಸಿಗೆಯಲ್ಲಂತೂ ದಿನಕ್ಕೆರಡು ಕೊಡ. ತೆಂಗು ಬೆಳೆದು ಬಾಳಿದ ಜನಕ್ಕೆ ನೀರು ತಪ್ಪಿಸುವುದಕ್ಕಿಂತ ದೊಡ್ಡ ಪಾಪವಿಲ್ಲ. ಒಂದು ಬೇಸಿಗೆ ನೀರು ತಪ್ಪಿದರೆ ಮರ ಎರಡು ವರ್ಷ ಮುನಿಸಿಕೊಳ್ಳುತ್ತದೆ ಎನ್ನುವವರು ಅವರು. ಹೂ ಬಿಡದಿದ್ದಷ್ಟೂ ನೀರು ಹೆಚ್ಚು ಮಾಡುತ್ತಿದ್ದರು.

ಆ ವರ್ಷ ಗೌರಿ ಹಬ್ಬ ಕಳೆದ ಭಾನುವಾರ ಹಾಲಮ್ಮ ನನ್ನನ್ನು ಮಾದಿಹಳ್ಳಿಗೆ ಕರೆದುಕೊಂಡು ಹೋದರು. ತಮ್ಮನ ಮನೆ, ಊಟ ಮಾಡಿಕೊಂಡು ಬರೋಣ, ತಾಯಿಗಿಡವನ್ನೂ ನೋಡಿದ ಹಾಗಾಗುತ್ತದೆ ಎಂದು. ಹಳೇಬೀಡಿನಲ್ಲಿ ಬಸ್ಸು ಬದಲಿಸುವಾಗ ದೇವಸ್ಥಾನ ನೋಡೋಣ ಎಂದೆ. "ಕಲ್ಲು ಎಲ್ಲಿಗೂ ಓಡೋಗಲ್ಲ ಕಣಮ್ಮ, ಬಾ" ಎಂದು ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋದರು.

ಮಾದಿಹಳ್ಳಿಯ ಮನೆಯ ಹಿಂದೆ ಗಿಡವಿರಲಿಲ್ಲ. ಅದಿದ್ದ ಜಾಗದಲ್ಲಿ ಶೀಟು ಹೊದಿಸಿದ ಹೊಸ ಕೊಟ್ಟಿಗೆ, ಒಳಗೆ ಮೂರು ಸೀಮೆ ಹಸು. ತಮ್ಮ ಒಳ್ಳೆಯ ಮನುಷ್ಯ. ಅಕ್ಕನ ಮುಖ ನೋಡಿದ ಮೇಲೆ ತಾನು ಮಾಡಿದ್ದೇನು ಎಂದು ಅವನಿಗೆ ಹೊಳೆಯಿತು.

"ಹಸ ಮೂರಾದ್ವು ಕಣಕ್ಕ. ಜಾಗ ಬೇಕಿತ್ತು."

"ಒಂದು ಮಾತು ಹೇಳಿದ್ರೆ ಬಂದು ಬೇರು ಸಮೇತ ಕಿತ್ಕಂಡು ಹೋಗ್ತಿದ್ನಲ್ಲೋ."

"ನಿನ್ ಹತ್ರ ಐತಲ್ಲ ಅಂದ್ಕಂಡೆ."

ಹಾಲಮ್ಮ ಊಟ ಮಾಡಿದರು, ತಮ್ಮನ ಹೆಂಡತಿ ಕೊಟ್ಟ ಕುಂಕುಮ ಇಟ್ಟುಕೊಂಡರು, ಹಸುವಿನ ಮೈ ಸವರಿದರು. ವಾಪಸು ಬರುವಾಗ ಬಸ್ಸು ಜಾವಗಲ್ ದಾಟಿತು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಅಂದರು: "ಇನ್ನು ನಮ್ಮವ್ವನ್ದು ಅಂತ ಇರೋದು ನಮ್ಮನೆ ಹಿತ್ಲಲ್ಲೇ ಕಣಮ್ಮ."

ಅವತ್ತಿನಿಂದ ಗುರುಶಾಂತಪ್ಪನವರು ಮೇವಿನ ಮಾತು ಆಡುವುದನ್ನು ಕಮ್ಮಿ ಮಾಡಿದರು. ಪೂರ್ತಿ ಬಿಡಲಿಲ್ಲ. ಪೂರ್ತಿ ಬಿಟ್ಟಿದ್ದರೆ ಹಾಲಮ್ಮನವರಿಗೆ ಇನ್ನೂ ಬೇಜಾರಾಗುತ್ತಿತ್ತೇನೋ.

ಡಿಸೆಂಬರ್ ಕೊನೆಯಲ್ಲಿ ಹಾರನಹಳ್ಳಿಯಲ್ಲಿ ನನಗೊಂದು ಹದ್ದುಬಸ್ತಿನ ಕೆಲಸ ಬಿತ್ತು. ಅಣ್ಣತಮ್ಮಂದಿರ ಜಮೀನಿನ ನಡುವಿನ ಗಡಿ ಗುರುತಿಸಿ ಕಲ್ಲು ನೆಡಿಸಬೇಕು. ಎರಡು ಅಡಿಗೆ ಜಗಳ. ಊರಿನ ಹಿರಿಯರೆಲ್ಲ ಸೇರಿ, "ಎರಡು ಅಡಿ ತಾನೇ ಮೇಡಮ್, ಹಿಂಗೆ ಸ್ವಲ್ಪ ಸರಿಸಿಬಿಡಿ, ರಾಜಿ ಆಗೋಗ್ಲಿ" ಎಂದರು. ಎರಡು ಅಡಿಯಲ್ಲ, ಎರಡು ಬೆರಳೂ ಸರಿಸುವುದಿಲ್ಲ, ಟೇಪು ಹೇಳಿದ್ದೇ ಮಾತು ಎಂದೆ. ಇದರಲ್ಲಿ ನನಗೆ ಆಗ ಸ್ವಲ್ಪ ಜಂಬವೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಅಷ್ಟು ಬೈಸಿಕೊಂಡು ನೀರು ಕುಡಿಯಲು ಪಕ್ಕದ ಹೊಲಕ್ಕೆ ಹೋದರೆ, ಅದು ಹೂವಿನ ಹೊಲ. ಸಾಲು ಸಾಲು ಮಲ್ಲಿಗೆ, ಒಂದರಲ್ಲೂ ಎಲೆಯಿಲ್ಲ. ಮೊಣಕಾಲೆತ್ತರದ ಬೋಳು ಕಡ್ಡಿಗಳು. ಹೊಲದೊಡತಿ ಲಕ್ಕಮ್ಮ ಕುಡುಗೋಲು ಹಿಡಿದು ಇನ್ನೂ ಸವರುತ್ತಿದ್ದರು.

"ಅಯ್ಯೋ, ಎಲ್ಲಾ ಒಣಗಿಹೋಗಿದೆಯಲ್ಲಾ" ಎಂದೆ.

"ಒಣಗಿಲ್ಲ ಕಣವ್ವ, ನಾನೇ ಒಣಗಿಸ್ತಾ ಇವ್ನಿ" ಎಂದು ಲಕ್ಕಮ್ಮ ನಕ್ಕರು. "ಹೊಟ್ಟೆ ತುಂಬ ನೀರು ಗೊಬ್ರ ಕೊಡ್ತಾ ಇದ್ರೆ ಎಲೆ ಬಿಟ್ಕಂಡು ಸುಖವಾಗಿರ್ತದೆ. ಹೂವ ಯಾಕೆ ಬಿಡ್ತದೆ ಯೋಳು? ಇನ್ನು ನಾನು ಉಳಿಯಾಕಿಲ್ಲ ಅಂತ ಅದಕ್ಕೆ ಒಂದು ಸಲ ಭಯ ಆಗ್ಬೇಕು. ಆಗ ಬಿಡ್ತದೆ ನೋಡು."

ಕೂತು ಎಲ್ಲವನ್ನೂ ಕೇಳಿಕೊಂಡೆ. ಚಳಿಗಾಲದಲ್ಲಿ ಮೂರು ವಾರ ಹನಿ ನೀರಿಲ್ಲ. ಎಲೆ ಹಳದಿಗೆ ತಿರುಗಿದ ಮೇಲೆ ಉದುರಿಸಿ, ಮೊಣಕಾಲೆತ್ತರಕ್ಕೆ ಸವರುವುದು. ಬುಡ ಬಿಡಿಸಿ ನಾಲ್ಕು ದಿನ ಬೇರಿಗೆ ಬಿಸಿಲು ತೋರಿಸುವುದು. ಆಮೇಲೆ ಗೊಬ್ಬರ, ಮಣ್ಣು, ನೀರು. ನಕ್ಷೆಯ ಹಾಳೆಯ ಹಿಂದೆಯೇ ಬರೆದುಕೊಂಡೆ.

ಹಾಲಮ್ಮನವರಿಗೆ ಹೇಳಿದಾಗ ಅವರು ನನ್ನನ್ನು ನೋಡಿದ ರೀತಿ ಇವತ್ತಿಗೂ ಮರೆತಿಲ್ಲ.

"ಬ್ಯಾಸ್ಗೆ ಬರೋ ಹೊತ್ತಿಗೆ ನೀರು ನಿಲ್ಸೋದಾ? ಇರೋದೇ ಒಂದು ಗಿಡ ಕಣಮ್ಮ. ಹೋದ್ರೆ ಮತ್ತೆಲ್ಲಿಂದ ತರ್ಲಿ?"

ನಾನು ಲಕ್ಕಮ್ಮನವರ ಹೊಲ ನೋಡಿದ್ದೆ ಅಷ್ಟೆ; ಆ ಮಣ್ಣು ಬೇರೆ, ಆ ಗಿಡದ ಜಾತಿ ಬೇರೆ. ಆದರೂ ಇಪ್ಪತ್ತಾರರ ಧೈರ್ಯ. ಆಗೇ ಆಗುತ್ತದೆ ಎಂದೆ. ಅವರು ಎರಡು ದಿನ ಯೋಚಿಸಿದರು. ಮೂರನೆಯ ದಿನ ಬೆಳಗ್ಗೆ ಬಾವಿಯಿಂದ ಸೇದಿದ ಕೊಡವನ್ನು ಗಿಡದ ಹತ್ತಿರ ತಂದವರು ಹಾಗೇ ಕೆಳಗಿಟ್ಟರು.

"ನೀನು ಅಳತೆ ತಪ್ಪೋಳಲ್ಲ ಅಂತಾರೆ. ನಿನ್ ಮಾತಿನ ಮೇಲೆ ಬಿಡ್ತಾ ಇದೀನಿ."

ಒಂದು ವಾರ ಕಳೆಯಿತು, ಎರಡು, ಮೂರು. ಹಾಲಮ್ಮ ಮಾತಿನಂತೆ ನಡೆದುಕೊಂಡರು. ಅಕ್ಕಿ ತೊಳೆದ ನೀರು ಹಿಡಿದು ಗಿಡದ ಮುಂದೆ ಹಾದು ಹೋಗುವಾಗ ಮುಖವನ್ನು ಬೇರೆ ಕಡೆ ತಿರುಗಿಸುತ್ತಿದ್ದರು. ಆದರೆ ಗಿಡ ಮಾತ್ರ ಹಳದಿಗೆ ತಿರುಗಲೊಲ್ಲದು. ತುದಿಯಲ್ಲಿ ಹೊಸ ಚಿಗುರು ಬೇರೆ! ನಾನು ನಕ್ಷೆಯ ಹಿಂದಿನ ಬರಹವನ್ನು ತಿರುತಿರುಗಿ ಓದಿದೆ. ಎಲ್ಲಿ ಲೆಕ್ಕ ತಪ್ಪಿದೆ ಎಂದು ತಿಳಿಯಲಿಲ್ಲ.

ಸಂಕ್ರಾಂತಿ ಕಳೆದು ಒಂದು ವಾರವಾಗಿರಬೇಕು. ದೂರದ ಹಳ್ಳಿಯ ಕೆಲಸಕ್ಕೆ ಮೊದಲ ಬಸ್ಸು ಹಿಡಿಯಬೇಕೆಂದು ಬೇಗ ಎದ್ದು ಹಿತ್ತಲಿಗೆ ಬಂದೆ. ಆಗಷ್ಟೇ ಬೆಳಕು ಹರಿದಿತ್ತು. ಗುರುಶಾಂತಪ್ಪನವರು ಪೂಜೆಯ ಮಡಿಯಲ್ಲೇ ಗಿಡದ ಬುಡಕ್ಕೆ ತಂಬಿಗೆಯಿಂದ ನೀರು ಹೊಯ್ಯುತ್ತಿದ್ದರು. ಹೊಯ್ದು, ತೊಟ್ಟಿಗೆ ಹೋಗಿ, ತಂಬಿಗೆ ತುಂಬಿಸಿಕೊಂಡು ಬಂದು ಮತ್ತೆ ಹೊಯ್ದರು. ತಿರುಗಿದರೆ ನಾನು.

"ಪೂಜೆ ನೀರು ಕಣಮ್ಮ" ಎಂದರು. "ದೇವರಿಗೆ ಹಾಕಿದ ನೀರು. ಜನ ತುಳಿಯೋ ಕಡೆ ಚೆಲ್ಲಂಗಿಲ್ಲ. ಆರು ವರ್ಷದಿಂದ ಇಲ್ಲೇ ಬಿಡೋದು."

ನಮ್ಮ ಮನೆಯಲ್ಲಿ ಈ ಪದ್ಧತಿಗಳಿಲ್ಲ. ಪೂಜೆ ಮಾಡಿದ ನೀರಿಗೂ ಒಂದು ಜಾಗ ಬೇಕು, ಅದು ಗಿಡದ ಬುಡವೇ ಆಗಬೇಕು ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಸರಿ, ಒಪ್ಪಿದೆ.

"ಮೊದಲನೇ ತಂಬಿಗೆ ಪೂಜೆ ನೀರು. ಎರಡನೇದು?"

ಅವರು ತಂಬಿಗೆಯನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಅರವತ್ತರ ಹತ್ತಿರದ ಮನುಷ್ಯ, ಬೆಲ್ಲ ಕದ್ದು ಸಿಕ್ಕಿಬಿದ್ದವರ ಹಾಗೆ ನಿಂತಿದ್ದರು.

"ಒಣಗೋಗ್ತದಲ್ಲಮ್ಮ. ಪಾಪ ಅನ್ನಿಸ್ತು. ನಾನು ದಿನಾ ಆಡ್ಕಂತೀನಿ ನಿಜ. ಆದ್ರೆ ಅದು ಹೋದ್ರೆ ಇವಳಿಗೆ ತವರೇ ಹೋದಂಗೆ." ಆಮೇಲೆ ದನಿ ತಗ್ಗಿಸಿ, "ಅವಳಿಗೆ ಹೇಳ್ಬೇಡ" ಎಂದರು.

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಡುಗೆಮನೆಯ ಮೇಲಿನ ಅಟ್ಟದ ಕಡೆ ಕೈ ತೋರಿಸಿದೆ. ಅಲ್ಲಿ ಅವರ ತೋಟದ ತೆಂಗಿನಕಾಯಿಗಳು ಹತ್ತು ಹನ್ನೊಂದು ತಿಂಗಳಿಂದ ಕೂತಿದ್ದವು. ಒಳಗಿನ ನೀರು ತಾನಾಗಿ ಇಂಗಿ, ಕಾಯಿ ಒಣಗಿ, ಚಿಪ್ಪಿನೊಳಗೆ ಕೊಬ್ಬರಿ ಗಡಗಡ ಅನ್ನುವ ತನಕ ಅವನ್ನು ಮುಟ್ಟುವಂತಿಲ್ಲ. ವಾರಕ್ಕೊಮ್ಮೆ ಇವರೇ ಏಣಿ ಹತ್ತಿ, ಒಂದೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಇನ್ನೂ ಆಗಿಲ್ಲ ಎಂದು ಇಳಿದು ಬರುತ್ತಿದ್ದರು.

"ಆ ಕಾಯಿಗೆ ಪಾಪ ಅಂತ ನೀರು ಹಾಕ್ತೀರಾ ಯಜಮಾನ್ರೇ?"

ಅವರು ಅಟ್ಟ ನೋಡಿದರು, ಗಿಡ ನೋಡಿದರು. "ಒಣಗಿದ್ರೆ ತಾನೇ ಕೊಬ್ಬರಿ" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಮರುದಿನದಿಂದ ಪೂಜೆಯ ನೀರು ಬೇಲಿಯ ಪಕ್ಕದ ತೆಂಗಿನ ಸಸಿಗೆ ಹೋಯಿತು. ಜಾಗ ಬದಲಾಯಿಸಿದ್ದನ್ನು ದೇವರಿಗೆ ಹೇಳಿ, ಊದಿನಕಡ್ಡಿ ಹಚ್ಚಿ ಒಪ್ಪಿಗೆ ಪಡೆದರಂತೆ.

ಆಮೇಲೆ ಗಿಡ ನಿಜವಾಗಿ ಬಾಡಿತು. ಫೆಬ್ರವರಿಯ ಮೊದಲ ವಾರ ಎಲೆ ಉದುರಿಸಿ, ಕತ್ತರಿಸಿ, ಬುಡ ಬಿಡಿಸಿದೆವು. ಕತ್ತರಿಸಿದ್ದರಲ್ಲಿ ಆರು ಕಡ್ಡಿಯನ್ನು ಹಾಲಮ್ಮ ಆರಿಸಿ, ಖಾಲಿ ಹಾಲಿನ ಪ್ಯಾಕೆಟ್ಟುಗಳಲ್ಲಿ ಮಣ್ಣು ತುಂಬಿ ನೆಟ್ಟರು. ಇದು ಹೋದರೂ ಅದಿರಲಿ ಎಂದು. ಗೊಬ್ಬರ ಹಾಕಿದೆವು, ನೀರು ಕೊಟ್ಟೆವು. ಹತ್ತು ದಿನವಾಯಿತು, ಗಿಡದಲ್ಲಿ ಮಿಸುಕಾಟವಿಲ್ಲ. ಪ್ಯಾಕೆಟ್ಟಿನ ಕಡ್ಡಿಗಳು ಒಂದೊಂದಾಗಿ ಕಪ್ಪಾದವು. ಆರನೆಯದನ್ನು ಕಿತ್ತು ನೋಡಿ ಬಿಸಾಕಿದ ದಿನ ಹಾಲಮ್ಮ ನನ್ನ ಜೊತೆ ಮಾತು ಬಿಟ್ಟರು.

ಜಗಳವಾಡಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಜಗಳವಾಡಲಿಲ್ಲ. ದಿನಾ ಬೆಳಗ್ಗೆ ಅವರು ನನಗೆ ತಂದುಕೊಡುತ್ತಿದ್ದ ರೊಟ್ಟಿ ಬರುತ್ತಲೇ ಇತ್ತು, ಆದರೆ ತಟ್ಟೆಯನ್ನು ಬಾಗಿಲ ಬಳಿ ಇಟ್ಟು ಹೋಗುತ್ತಿದ್ದರು. "ಬಿಸಿ ಐತೆ, ತಿನ್ನು" ಎನ್ನುವ ಎರಡು ಮಾತಿಲ್ಲದೆ ಅರ್ಧ ರೊಟ್ಟಿ ತಟ್ಟೆಯಲ್ಲೇ ಉಳಿಯುತ್ತಿತ್ತು. ಕಚೇರಿಯಲ್ಲಿ ಕೂತರೂ ಅದೇ ಯೋಚನೆ. ಯಾರದೋ ತಾಯಿಯ ಕೊನೆಯ ಗುರುತನ್ನು ಹಾಳೆಯ ಹಿಂದೆ ಗೀಚಿದ ನಾಲ್ಕು ಸಾಲು ನಂಬಿ ಕೊಂದೆನಲ್ಲಾ ಎಂದು ಅಳು ಬರುತ್ತಿತ್ತು. ಒಂದು ದಿನ ಹಾರನಹಳ್ಳಿಗೆ ಹೋಗುವ ಟೆಂಪೋ ಹತ್ತಿ ಲಕ್ಕಮ್ಮನವರ ಮುಂದೆ ನಿಂತೆ.

"ಉಗುರಲ್ಲಿ ತೊಗಟೆ ಕೆರೆದು ನೋಡಿದ್ಯಾ?" ಎಂದರು.

ನೋಡಿರಲಿಲ್ಲ. ಓಡಿ ಬಂದೆ. ಹಿತ್ತಲಲ್ಲಿ ಯಾರೂ ಇಲ್ಲದ್ದನ್ನು ನೋಡಿಕೊಂಡು ಬುಡದ ಹತ್ತಿರದ ಕಡ್ಡಿಯನ್ನು ಹೆಬ್ಬೆರಳಿನಿಂದ ಕೆರೆದೆ. ಕಂದು ತೊಗಟೆಯ ಕೆಳಗೆ ಸಾಸಿವೆಯಷ್ಟು ಹಸಿರು. ಎದ್ದು ತಿರುಗಿದರೆ ಹಾಲಮ್ಮ ಬಚ್ಚಲ ಬಾಗಿಲಲ್ಲಿ ನಿಂತಿದ್ದರು.

"ನಾನೂ ದಿನಾ ಕೆರೀತೀನಿ" ಎಂದರು. "ಅದಕ್ಕೆ ಗಾಯ ಆಯ್ತದೆ, ಸಾಕು ಬಿಡು."

ಮರುದಿನ ರೊಟ್ಟಿ ತಂದು ಎದುರಿಗೇ ಕೂತರು.

ಶಿವರಾತ್ರಿ ಕಳೆದು ಬಿಸಿಲು ಏರಿದ ಹಾಗೆ ಕಡ್ಡಿಯ ಗೆಣ್ಣುಗಳು ಉಬ್ಬಿದವು. ಚಿಗುರು ಬಂತು, ಎಳೆ ಚಿಗುರಿನ ತುದಿಯಲ್ಲಿ ಮೂರು ಮೂರು ಮೊಗ್ಗು ಬಂದವು. ಮೊದಲ ಮೊಗ್ಗು ಕಂಡ ದಿನ ಹಾಲಮ್ಮ ಯಾರಿಗೂ ಹೇಳಬೇಡ, ದೃಷ್ಟಿಯಾಗುತ್ತದೆ ಎಂದು ನನಗೆ ಆಣೆ ಹಾಕಿಸಿದರು. ಸಂಜೆಯೊಳಗೆ ಇಡೀ ಬೀದಿಗೆ ಅವರೇ ಹೇಳಿದ್ದರು. ಯುಗಾದಿ ಹತ್ತಿರ ಬಂದಾಗ ಗಿಡದ ಮೇಲೆ ಎಲೆಗಿಂತ ಮೊಗ್ಗೇ ಹೆಚ್ಚು. ಕಡಲೆಗಿಂತ ದಪ್ಪ, ಹಾಲಿನ ಬಣ್ಣ.

ಮೊದಲ ಹೂವನ್ನು ಬಿಡಿಸದೆ ಗಿಡದಲ್ಲೇ ಅರಳಲು ಬಿಟ್ಟೆವು. ಅವತ್ತು ಗುರುಶಾಂತಪ್ಪನವರು ಅಂಗಡಿಯನ್ನು ಬೇಗ ಮುಚ್ಚಿ ಬಂದರು. ಸೂರ್ಯ ಇಳಿಯುವ ಹೊತ್ತಿಗೆ ಹೂ ಬಿರಿಯಿತು, ಹಿತ್ತಲೆಲ್ಲ ಗಮ್ಮೆಂದಿತು. ಹಾಲಮ್ಮ ಹೂವನ್ನು ಕಿತ್ತು ಕಣ್ಣಿಗೊತ್ತಿಕೊಂಡು ಗಂಡನ ಅಂಗೈಯಲ್ಲಿಟ್ಟರು.

"ಈಗ ಎಣಿಸಿ. ಇಷ್ಟು ವರ್ಷ ಆಡ್ಕಂಡ್ರಲ್ಲ, ನೀವೇ ಎಣಿಸಿ. ನನಗೆ ಕನ್ನಡಕ ಇಲ್ದೆ ಕಾಣಲ್ಲ."

ಅವರು ಬಾವಿಕಟ್ಟೆಯ ಮೇಲೆ ಕೂತರು. ನಾನು ಅವರ ಭುಜದ ಹಿಂದೆ ನಿಂತೆ. ಹಾಲಮ್ಮ ನಾಲ್ಕು ಹೆಜ್ಜೆ ಆಚೆ, ಸೆರಗಿನ ತುದಿ ಹಿಡಿದುಕೊಂಡು. ಕಾಯಿ ಸುಲಿದು ಒರಟಾದ ಆ ಬೆರಳುಗಳು ಹೊರಗಿನ ಎಸಳುಗಳನ್ನು ಒಂದೊಂದೇ ಬಿಡಿಸಿದವು.

"ಒಂದು ಸುತ್ತು" ಎಂದರು. "ಎರಡು. ಮೂರು. ನಾಲ್ಕು." ಸ್ವಲ್ಪ ತಡೆದು, "ಐದು."

ಐದಕ್ಕೆ ಮುಗಿದಿತ್ತು. ಅಂಗೈಯಲ್ಲಿ ಉಳಿದದ್ದು ತೊಟ್ಟು ಮಾತ್ರ. ನಾನು ಸ್ಪಷ್ಟವಾಗಿ ನೋಡಿದೆ. ಇಷ್ಟು ವರ್ಷದ ಜಗಳದಲ್ಲಿ ಅವರು ಗೆದ್ದಿದ್ದರು. ಬಾಯಿ ಬಿಟ್ಟು ಹೇಳುವುದೊಂದೇ ಬಾಕಿ. ಅವರ ಹೆಬ್ಬೆರಳು ಬರಿಯ ತೊಟ್ಟಿನ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ಅಲ್ಲಿ ಏನೋ ಇರುವಂತೆ ಮೆಲ್ಲಗೆ ಬಿಡಿಸಿತು.

"ಆರು" ಎಂದರು. ಮತ್ತೊಮ್ಮೆ ಬಿಡಿಸಿ, "ಏಳು. ಏಳು ಕಣೇ! ನಾನೇ ಸೋತೆ." ತೊಟ್ಟನ್ನು ಬಾವಿಯ ಆಚೆಗೆ ಎಸೆದೇಬಿಟ್ಟರು. "ನಂಬಿಕೆ ಇಲ್ದಿದ್ರೆ ಇಲ್ಲೇ ಇದಾಳಲ್ಲ ಅಳತೆಯೋಳು, ಕೇಳು."

ಹಾಲಮ್ಮ ನನ್ನ ಕಡೆ ನೋಡಿದರು.

ಹಾರನಹಳ್ಳಿಯಲ್ಲಿ ಎರಡು ಬೆರಳೂ ಸರಿಸುವುದಿಲ್ಲ ಎಂದವಳು ನಾನು. "ಏಳು" ಎಂದೆ. "ಸರಿಯಾಗಿ ಏಳು."

ನನ್ನ ಸರ್ವೀಸಿನಲ್ಲಿ ನಾನು ಕೊಟ್ಟ ಒಂದೇ ತಪ್ಪು ಅಳತೆ ಅದು. ಮೇ ತಿಂಗಳಲ್ಲಿ ವರ್ಗಾವಣೆಯ ಆದೇಶ ಬಂತು. ಹೊರಡುವ ದಿನದವರೆಗೂ ಪ್ರತಿ ಸಂಜೆ ನನ್ನ ಜಡೆಗೆ ಆ ಗಿಡದ ಹೂ ಇತ್ತು.

ಕಳೆದ ಏಪ್ರಿಲ್‌ನಲ್ಲಿ ಆಟೋ ನಿಂತಾಗ ಬಾಗಿಲು ತೆಗೆದದ್ದು ಹಾಲಮ್ಮನವರೇ. ಕೂದಲು ಪೂರ್ತಿ ಬೆಳ್ಳಗಾಗಿದೆ, ದನಿ ಹಾಗೇ ಇದೆ. "ಎಲ್ಲಿ ಹೋಗಿದ್ಯೇ ಇಷ್ಟು ದಿವ್ಸ?" ಎಂದು ಬೈದು, ಕೈ ಹಿಡಿದು ನೇರ ಹಿತ್ತಲಿಗೆ ಕರೆದುಕೊಂಡು ಹೋದರು. ಗಿಡ ಮೈ ತುಂಬ ಹೂ ಹೊತ್ತು ನಿಂತಿತ್ತು. ಪಕ್ಕದಲ್ಲಿ, ಕೊಂಬೆಯನ್ನು ಮಣ್ಣಿಗೆ ಬಗ್ಗಿಸಿ ಹೂತು ಬೇರು ಬರಿಸಿದ ನಾಲ್ಕು ಮರಿಗಿಡಗಳು. ಇನ್ನೊಂದು ಆಗಲೇ ಮಾದಿಹಳ್ಳಿಗೆ ಹೋಗಿದೆಯಂತೆ, ತಮ್ಮನ ಕೊಟ್ಟಿಗೆಯ ಪಕ್ಕಕ್ಕೆ. ಒಂದನ್ನು ನನಗಾಗಿ ಕಿತ್ತು ಬುಡಕ್ಕೆ ಗೋಣಿ ಸುತ್ತಿದರು. ಗುರುಶಾಂತಪ್ಪನವರು ಅಂಗಡಿಯಿಂದ ಬರುವವರಿದ್ದರು. ದಾರದ ಗಂಟು ಬಿಗಿಯುತ್ತಾ ಹಾಲಮ್ಮ, ತಲೆ ಎತ್ತದೆ, ಅಂದರು:

"ಇದಕ್ಕೆ ಐದೇ ಸುತ್ತು ಕಣಮ್ಮ."

ನಾನು ಗೋಣಿಯ ತುದಿ ಹಿಡಿದುಕೊಂಡೆ.

"ನಮ್ಮವ್ವ ಯಾವತ್ತೂ ಏಳು ಅಂದೋಳಲ್ಲ. ಮದುವೆಯಾದ ಹೊಸದ್ರಲ್ಲಿ ಜಂಬಕ್ಕೆ ನಾನೇ ಅಂದ್ಬಿಟ್ಟೆ, ನಮ್ಮನೇಲಿ ಏಳು ಸುತ್ತಿನ ಮಲ್ಲಿಗೆ ಐತೆ ಅಂತ. ಆಮೇಲೆ ಹೆಂಗೆ ಬದಲಾಯಿಸ್ಲಿ? ಅವತ್ತು ಎಣಿಸೋಕೆ ಕೊಟ್ಟಾಗ, ಇವತ್ತಿಗೆ ನನ್ ಮರ್ಯಾದೆ ಹೋಯ್ತು ಅಂತ್ಲೇ ನಿಂತಿದ್ದೆ." ಗಂಟು ಹಾಕಿ ಮುಗಿಸಿ ನನ್ನ ಮುಖ ನೋಡಿದರು. "ಅವರು ಏಳು ಅಂದ್ರು. ನೀನೂ ಏಳು ಅಂದೆ. ಮೂವತ್ತು ವರ್ಷ ಸಂಸಾರ ಮಾಡಿದ್ದಕ್ಕೂ ಸಾರ್ಥಕ ಆಯ್ತು ಅನ್ನಿಸ್ತು ಕಣೇ. ಅವ್ರಿಗೆ ಹೇಳ್ಬೇಡ."

ಮುಂಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು. ಗುರುಶಾಂತಪ್ಪನವರು ಬಂದು ನನ್ನನ್ನು ಕಂಡು ಹಿಗ್ಗಿದರು, ಊಟ ಮಾಡಿಕೊಂಡೇ ಹೋಗಬೇಕೆಂದರು, ರೈಲಿನ ಹೊತ್ತಾಯಿತೆಂದು ಕೇಳಿ ಬೇಜಾರಾದರು. ಮರಿಗಿಡವನ್ನು ತಾವೇ ಎತ್ತಿಕೊಂಡು ಹೊರಗೆ ಬಂದು, ಆಟೋದಲ್ಲಿ ನನ್ನ ಕಾಲ ಬಳಿ ಅಲುಗಾಡದಂತೆ ಇಟ್ಟರು. ಆಮೇಲೆ ಡ್ರೈವರ್ ಕಡೆ ಬಗ್ಗಿ, ಬಾಗಿಲಲ್ಲಿದ್ದ ಹೆಂಡತಿಗೂ ಕೇಳಿಸುವಂತೆ ಗಟ್ಟಿಯಾಗಿ ಹೇಳಿದರು:

"ಗುಂಡಿ ನೋಡ್ಕಂಡು ನಿಧಾನಕ್ಕೆ ಓಡ್ಸಪ್ಪ. ಏಳು ಸುತ್ತಿನ ಮಲ್ಲಿಗೆ ಅದು."